ಹುಳದ ಮನೆ, ಸೌದೆ ಒಲೆ, ರಾಗಿ ಹೊಲ: ನಮ್ಮ ಕಡೆಯ ಹಳೇ ಲೆಕ್ಕ

ಹೋದ ವಾರ ನಮ್ಮ ಹಿತ್ತಲಲ್ಲಿದ್ದ ಹಳೇ ಹುಳದ ಮನೆ ಕೆಡವಿದ್ವಿ. ಹೆಂಚು, ತೊಲೆ ಎಲ್ಲಾ ಇಳಿಸಿ ಮಣ್ಣಿನ ಗೋಡೆ ಬೀಳಿಸಿ ನೆಲ ಗುಡಿಸಿದಾಗ ಸರಿಯಾಗಿ ನಡುವಲ್ಲಿ ಒಂದು ಮೊರದಗಲ ಕಪ್ಪು ಮಚ್ಚೆ ಕಾಣಿಸ್ತು. ಎಷ್ಟು ಗುಡಿಸಿದ್ರೂ ಹೋಗಲಿಲ್ಲ. "ಇದೇನಪ್ಪ, ಇಲ್ಲೇನಾದ್ರೂ ಸುಟ್ಟಿದ್ರಾ?" ಅಂತ ಮಗ ಕೇಳ್ದ. ಸುಟ್ಟಿರಲಿಲ್ಲ. ಅದು ಕೆಂಡದ ಬಾಂಡ್ಲಿ ಇಡ್ತಿದ್ದ ಜಾಗ. ಇಪ್ಪತ್ತೈದು ಮೂವತ್ತು ವರ್ಷ, ಚಳಿಗಾಲದ ಪ್ರತಿ ಬೆಳೆಗೂ ಅಲ್ಲೇ ಇಟ್ಟು ಇಟ್ಟು ನೆಲ ಇಟ್ಟಿಗೆ ಥರ ಬೆಂದು ಹೋಗಿತ್ತು.

ಜಗಲಿ ಮೇಲೆ ಕೂತಿದ್ದ ನಮ್ಮವ್ವ ಅದನ್ನ ನೋಡಿ ಒಂದು ಮಾತು ಅಂದ್ಳು: "ಆ ಹುಳಿಗ ಇದ್ದ ಬೆಚ್ಚನ ನಮ್ಗ ಇರ್ನಿಲ್ಲ ಕನಪ್ಪ."

ಆ ಮಾತು ಎರಡು ದಿನ ತಲೇಲಿ ಕೂತುಬಿಡ್ತು. ಅದಕ್ಕೆ ಇದನ್ನ ಬರೀತಾ ಇದ್ದೀನಿ. ಇನ್ನೊಂದು ಕಾರಣಾನೂ ಇದೆ. ಹುಳದ ಮನೆ ಕೆಡವಿದ್ದೇ ಮಗ ಹೊಸ ಶೆಡ್ ಕಟ್ಟಬೇಕು ಅಂತ. ಈಗ ಗೂಡಿನ ರೇಟು ಮತ್ತೆ ಚೆನ್ನಾಗಿದೆ. ಇರೋ ಎರಡೆಕರೆ ಹತ್ತು ಗುಂಟೆಗೂ ವಿ-1 ಕಡ್ಡಿ ನಾಟಿ ಮಾಡೋಣ, ರಾಗಿ ಅಂಗಡೀಲಿ ಸಿಗತ್ತೆ ಅಂತಾನೆ. ಇದೇ ಮಾತನ್ನ ನಾನೂ ನಮ್ಮಪ್ಪನ ಹತ್ರ ಆಡಿದ್ದೆ, ಅವಾಗ ನನಗೆ ಇಪ್ಪತ್ತೆರಡು ವರ್ಷ. ಮನೆ ಊಟಕ್ಕೂ ಮನೆ ಬೆಂಕಿಗೂ ನಮ್ಮ ಕಡೆ ಏನೇನಾಗಿದೆ ಅನ್ನೋದನ್ನ ಒಂದ್ಸಲ ಸಾಲಾಗಿ ಹೇಳಿಬಿಟ್ರೆ ಅವನಿಗೂ ಅನುಕೂಲ, ನಿಮ್ಮಲ್ಲಿ ಯಾರಿಗಾದ್ರೂ ಅನುಕೂಲ.

ಮೊದಲು ಊರಿನ ವಿಷಯ. ನಮ್ಮ ಮಾಂಬಳ್ಳಿ ಯಳಂದೂರು ತಾಲ್ಲೂಕು. ಯಳಂದೂರನ್ನ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರು ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಪಕ್ಕದ ಕೊಳ್ಳೇಗಾಲ ಮೈಸೂರು ಸೀಮೆಗೇ ಸೇರಿರಲಿಲ್ಲ. ಅದು ಮದ್ರಾಸಿನವರ ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯ ಒಂದಾಗೋವರೆಗೂ ಹಂಗೇ ಇತ್ತು. ಇವತ್ತು ನಾವು ಬೈಕಲ್ಲಿ ಕಾಲು ಗಂಟೇಲಿ ಕೊಳ್ಳೇಗಾಲಕ್ಕೆ ಹೋಗಿ ಬರ್ತೀವಿ. ನಮ್ಮ ತಾತನ ಕಾಲದಲ್ಲಿ ಅದು ಬೇರೆ ಸರ್ಕಾರ, ಬೇರೆ ಕಾಡು ಕಾನೂನು. ಅಲ್ಲಿ ಮದ್ರಾಸಿನ 1882ರ ಅರಣ್ಯ ಕಾಯ್ದೆ, ಇಲ್ಲಿ ಮೈಸೂರಿನ 1900ರ ಅರಣ್ಯ ರೆಗ್ಯುಲೇಷನ್. ಬೆಟ್ಟ ಮಾತ್ರ ಒಂದೇ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಕಂಪನಿ ಸರ್ಕಾರದ ಕಡೆಯಿಂದ ಈ ಸೀಮೆಯೆಲ್ಲಾ ಸುತ್ತಿದ. ಯಾವ ಊರಲ್ಲಿ ಏನು ಬಿತ್ತುತಾರೆ, ಹೆಂಗೆ ಉಳ್ತಾರೆ ಅಂತ ರೈತರನ್ನೇ ಕೇಳಿ ಬರ್ಕೊಂಡ. ಅವನ ಪುಸ್ತಕ ಮೂರು ಸಂಪುಟ, ಅಚ್ಚಾಗಿದ್ದೂ 1807ರಲ್ಲೇ. ರಾಗಿ ಸಾಲಿನ ನಡುವೆ ಅವರೆ, ತೊಗರಿ ಸಾಲು ಬಿಡೋದನ್ನ ಅವನು ಬರೆದಿದ್ದಾನೆ. ನಾವು ಅಕ್ಕಡಿ ಸಾಲು ಅಂತೀವಲ್ಲ, ಅದೇ. ಇನ್ನೂರು ವರ್ಷದ ಹಿಂದೆ ಕುದುರೆ ಮೇಲೆ ಬಂದ ಪರದೇಶಿಯವನು ಕಂಡ ಹೊಲವನ್ನೇ ನಾನು ಚಿಕ್ಕವನಾಗಿದ್ದಾಗಲೂ ಕಂಡಿದ್ದೀನಿ.

ಆ ಹೊಲದ ಲೆಕ್ಕ ಈಗಿನ ಹುಡುಗರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದೇ ಹೊಲದಲ್ಲಿ ರಾಗಿ, ನಾಲ್ಕೈದು ಸಾಲಿಗೊಂದು ಅವರೆ ಇಲ್ಲಾ ತೊಗರಿ, ಅಂಚಿಗೆ ಜೋಳ, ಹುಚ್ಚೆಳ್ಳು, ಮೂಲೇಲಿ ನಾಲ್ಕು ಹರಳು ಗಿಡ. ರಾಗಿ ಮುದ್ದೆಗೆ, ಅವರೆ ಸಾರಿಗೆ, ಹರಳು ದೀಪದೆಣ್ಣೆಗೆ. ರಾಗಿ ಹುಲ್ಲು ದನಕ್ಕೆ. ತೊಗರಿ ಕಡ್ಡಿ, ಹರಳು ಕಡ್ಡಿ ಒಲೆಗೆ. ಒಲೆ ಬೂದಿ ಹಿತ್ತಲಿನ ತೊಂಡೆ, ಹೀರೆ ಬುಡಕ್ಕೆ, ಮಿಕ್ಕಿದ್ದು ಅವರೆಕಾಳು ಹುಳ ಬೀಳದಂಗೆ ಬೆರೆಸಿಡೋಕೆ. ಬಚ್ಚಲ ನೀರು ಬಾಳೆಗೆ, ಕೆಸಕ್ಕೆ. ಅಂದ್ರೆ ಊಟ ಬೆಳೆಯೋ ಹೊಲವೇ ಸೌದೆ ಬೆಳೆಯೋ ಹೊಲ. ಎರಡಕ್ಕೂ ಬೇರೆ ಬೇರೆ ಜಾಗ ಇರಲಿಲ್ಲ.

ರಾಗಿ ಹಗೇವಲ್ಲಿ ಇರ್ತಿತ್ತು. ನೆಲದೊಳಗೆ ಗಡಿಗೆ ಆಕಾರದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚೋದು. ರಾಗಿಗೆ ಹುಳ ಹತ್ತಲ್ಲ, ವರ್ಷಗಟ್ಟಲೆ ಇಟ್ರೂ ಕೆಡಲ್ಲ. ಮಳೆ ಕೈಕೊಟ್ಟ ವರ್ಷ ಅದನ್ನ ತೆಗೆಯೋರು. ತೆಗೆಯೋ ದಿನ ಬಾಯಿ ಬಿಚ್ಚಿ ಒಳಗಿನ ಕೆಟ್ಟ ಗಾಳಿ ಹೋಗೋವರೆಗೆ ಯಾರೂ ಇಳೀಬಾರದು ಅಂತ ತಾತ ಹೇಳ್ತಿದ್ದ. ದೀಪ ಬಿಟ್ಟು ನೋಡೋದು. ದೀಪ ಆರಿದ್ರೆ ಇಳಿಯೋ ಹಾಗಿಲ್ಲ.

ಈಗ ಸೌದೆಗೆ ಬರ್ತೀನಿ. ಸೌದೆ ಅಂದ ತಕ್ಷಣ ಕಾಡು ಕಡಿಯೋದು ಅಂತ ಪ್ಯಾಟೆಯವರು ಅಂದ್ಕೋತಾರೆ. ನಮ್ಮ ಒಲೆಗೆ ದಿಮ್ಮಿ ಯಾವತ್ತೂ ಬರಲಿಲ್ಲ. ಬದುವಿನ ಹೊಂಗೆ ರೆಂಬೆ, ಜಾಲಿ ಮುಳ್ಳು, ತೆಂಗಿನ ಎಡೆಮಟ್ಟೆ, ಕರಟ, ಬೆರಣಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅನ್ನೋ ವಿಜ್ಞಾನಿ ಅಸ್ತ್ರ ಅಂತ ಒಂದು ಕೇಂದ್ರ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ. ಅವರು ಕುಣಿಗಲ್ ಕಡೆ ಉಂಗ್ರ, ಪುರ ಮುಂತಾದ ಊರುಗಳಲ್ಲಿ ಮನೆ ಮನೆ ಸೌದೆ ತೂಗಿ ನೋಡಿದ್ರು. ಹಳ್ಳೀಲಿ ಖರ್ಚಾಗೋ ಶಕ್ತೀಲಿ ಅತಿ ದೊಡ್ಡ ಪಾಲು ಪಂಪ್‌ಸೆಟ್ಟಿಗೂ ಅಲ್ಲ, ದೀಪಕ್ಕೂ ಅಲ್ಲ, ಅಡುಗೆ ಒಲೆಗೆ ಅಂತ ಕಂಡ್ರು. ಆ ಸೌದೇಲೂ ಬಹುಪಾಲು ಹೆಂಗಸರು ಮಕ್ಕಳು ಆಯ್ದು ತಂದ ಪುಳ್ಳೆ, ಮರ ಉರುಳಿಸಿ ತಂದಿದ್ದಲ್ಲ. ನಮ್ಮವ್ವನನ್ನ ಕೇಳಿದ್ರೆ ತಕ್ಕಡಿ ಇಲ್ಲದೇ ಇದನ್ನೇ ಹೇಳ್ತಿದ್ದಳು.

ಬೆಟ್ಟದ ಸೌದೆ ತರ್ತಾನೇ ಇರಲಿಲ್ಲ ಅಂತಲ್ಲ. ಬೆಟ್ಟದ ತಪ್ಪಲಿಗೆ ಹೋಗಿ ಒಣಗಿದ್ದು ಆಯ್ದು ತಲೆಹೊರೆ ತರೋರು. ಮದುವೆ, ತಿಥಿ, ಹಬ್ಬ ಬಂದ್ರೆ ಗಾಡಿ ಕಟ್ಟೋರು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು. ಕ್ರಮೇಣ ದಾರಿ ಮುಚ್ಚಿತು. ನಮಗೆ ತೊಂದರೆ ಆಯ್ತು ನಿಜ, ಆದ್ರೆ ಬೆಟ್ಟದ ಮೇಲೇ ಇದ್ದ ಸೋಲಿಗರಿಗೆ ಆಗಿದ್ದು ಅದಕ್ಕಿಂತ ಬಹಳ ದೊಡ್ಡ ನಷ್ಟ. ಅವರ ಹೊಲ ಹೋಯ್ತು, ತರಗು ಬೆಂಕಿ ಹೋಯ್ತು. ತರಗು ಬೆಂಕಿ ಅಂದ್ರೆ ಬೇಸಿಗೆ ಶುರುವಲ್ಲಿ ಉದುರಿದ ಎಲೆಗೆ ಸಣ್ಣಗೆ ಬೆಂಕಿ ಕೊಡೋದು. ಅದು ನಿಂತ ಮೇಲೇ ಲಂಟಾನ ಇಷ್ಟು ಹಬ್ಬಿದ್ದು, ಈಗ ಬೆಂಕಿ ಬಿದ್ರೆ ಮರದ ತುದಿವರೆಗೂ ಹೋಗತ್ತೆ ಅಂತ ಸೋಲಿಗರು ಹೇಳ್ತಾನೇ ಬಂದಿದ್ದಾರೆ. 2011ರಲ್ಲಿ ಹುಲಿ ಯೋಜನೆ ಬಂತು. ಅದೇ ವರ್ಷ ಅವರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರವೂ ಬಂತು. ಅದಕ್ಕೆ ಅವರು ವರ್ಷಗಟ್ಟಲೆ ಓಡಾಡಿದ್ದಾರೆ. ಅವರಿಂದ ನಾವು ಕಲಿಯಬೇಕಾದ್ದು ಬೇಕಾದಷ್ಟಿದೆ, ಅದನ್ನ ಇನ್ನೊಂದು ದಿನ ಬರೀತೀನಿ.

ಈಗ ರೇಷ್ಮೆ. ಮೈಸೂರು ಸೀಮೇಲಿ ಇದು ಟಿಪ್ಪು ಕಾಲದಿಂದ ಬಂದಿದ್ದು. ಮದ್ರಾಸ್ ಸರ್ಕಾರದ ಕೈಲಿದ್ದ ಜಿಲ್ಲೆಗಳಲ್ಲೆಲ್ಲಾ ರೇಷ್ಮೆ ಅಂದ್ರೆ ಕೊಳ್ಳೇಗಾಲವೇ. ಇತ್ತ ನಮ್ಮ ಮಾಂಬಳ್ಳಿ, ಸಂತೇಮರಹಳ್ಳಿ ಎರಡು ಕಡೆನೂ ಆಮೇಲೆ ಸರ್ಕಾರದ ನೂಲು ಬಿಚ್ಚೋ ಕಾರ್ಖಾನೆ ಬಂದವು. ಹೊಲದಲ್ಲಿ ಕಡ್ಡಿ, ಮನೇಲಿ ಹುಳ, ಊರಲ್ಲಿ ಕಾರ್ಖಾನೆ.

ಹುಳ ಸಾಕಿದವರಿಗೆ ಗೊತ್ತು, ಅದು ಬಾಣಂತಿಗಿಂತ ಹೆಚ್ಚು. ಚಾಕಿ ಹುಳಕ್ಕೆ 26ರಿಂದ 28 ಡಿಗ್ರಿ ಬೇಕು. ದೊಡ್ಡ ಹುಳಕ್ಕೆ 24, 25 ಸಾಕು. ನಮ್ಮ ಕಡೆ ಧನುರ್ಮಾಸದ ರಾತ್ರಿ 15, 16ಕ್ಕೆ ಇಳಿಯತ್ತೆ. ಚಳಿಯಾದ್ರೆ ಹುಳ ಸೊಪ್ಪು ತಿನ್ನೋದು ನಿಧಾನ, ಜ್ವರಕ್ಕೆ ಕೂರೋದು ತಡ, ಒಂದೇ ತಟ್ಟೇಲಿ ಕೆಲವು ಹಣ್ಣಾಗಿರ್ತವೆ, ಕೆಲವು ಇನ್ನೂ ಮೇಯ್ತಾ ಇರ್ತವೆ. ಆಮೇಲೆ ರೋಗ. ಅದಕ್ಕೇ ಮನೆ ಬೆಚ್ಚಗೆ ಮಾಡಲೇಬೇಕು. ಪರದೇಶದಲ್ಲಿ ಜನ ಚಳಿಗೆ ಮನೇಲಿ ಸೌದೆ ಉರಿಸಿ ಬೆಚ್ಚಗೆ ಇರ್ತಾರಂತೆ. ನಮ್ಮ ಕಡೆ ಮನುಷ್ಯರಿಗೆ ಅಂತ ಮನೆ ಕಾಯಿಸಿದ್ದನ್ನ ನಾನು ಕಂಡಿಲ್ಲ. ಕಾಯಿಸಿದ್ದು ಹುಳಕ್ಕೆ.

ಹೆಂಗೆ ಅಂದ್ರೆ, ಅಂಗಳದಲ್ಲಿ ಹುಣಸೆ ಇಲ್ಲಾ ಜಾಲಿ ಕೊರಡು ಹಚ್ಚಿ ಪೂರ್ತಿ ಹೊಗೆ ಹೋಗಿ ಕೆಂಪು ಕೆಂಡ ಆಗೋವರೆಗೂ ಕಾಯೋದು. ಆಮೇಲೆ ಬಾಂಡ್ಲೀಲಿ ತುಂಬಿ ಒಳಗೆ ತಂದು ನಡುವಲ್ಲಿ ಇಡೋದು. ಮೇಲೆ ತೆಳ್ಳಗೆ ಬೂದಿ, ಪಕ್ಕದಲ್ಲಿ ಅಗಲ ಪಾತ್ರೇಲಿ ನೀರು, ಗಾಳಿ ಒಣಗಬಾರದು ಅಂತ. ಮಾಡಿನ ಹತ್ರ ಒಂದು ಕಿಂಡಿ ಯಾವಾಗಲೂ ತೆರೆದಿರಬೇಕು, ಮುಚ್ಚಿದ್ರೆ ಕೆಂಡದ ವಿಷಗಾಳಿ ಹುಳಕ್ಕೂ ಅಪಾಯ, ಒಳಗೆ ಮಲಗಿದವರಿಗೂ ಅಪಾಯ. ಹೊಗೆ ಒಂದಿಷ್ಟೂ ಇರಬಾರದು. ಹೊಗೆ ಇದ್ರೆ ಹುಳ ಸೊಪ್ಪು ಮುಟ್ಟಲ್ಲ.

ಇಲ್ಲೇ ನನಗೆ ಅವ್ವನ ಮಾತು ಚುಚ್ಚಿದ್ದು. ಹುಳಕ್ಕೆ ಹೊಗೆ ಆಗಲ್ಲ ಅಂತ ಅಂಗಳದಲ್ಲಿ ಗಂಟೆಗಟ್ಟಲೆ ಕೆಂಡ ಮಾಡಿದ್ವಿ. ಹತ್ತು ಹೆಜ್ಜೆ ಆಚೆ ಅಡುಗೆ ಮನೇಲಿ ಅವ್ವ ಹಸಿ ಪುಳ್ಳೆ ತುಂಬಿ ಊದುಕೊಳವೆ ಊದ್ತಾ ಕೂತಿದ್ದಳು. ಅವಳಿಗೆ ಹೊಗೆ ಆಗತ್ತಾ ಅಂತ ನಾನಾಗಲಿ ನಮ್ಮಪ್ಪನಾಗಲಿ ಒಂದು ದಿನ ಕೇಳಲಿಲ್ಲ.

ರೇಷ್ಮೆಯಿಂದ ಒಳ್ಳೇದೂ ಆಯ್ತು. ನಾನು ಎಸ್ಸೆಲ್ಸಿ ಪಾಸಾಗಿದ್ದು ಗೂಡಿನ ದುಡ್ಡಲ್ಲಿ. ಅಕ್ಕನ ಮದುವೆ ಗೂಡಿನ ದುಡ್ಡಲ್ಲಿ. ತಿಂಗಳಿಗೋ ಎರಡು ತಿಂಗಳಿಗೋ ಕೈಗೆ ನಗದು ಕೊಡೋ ಬೆಳೆ ನಮ್ಮಂಥ ಸಣ್ಣ ಹಿಡುವಳಿಗೆ ಬೇರೆ ಯಾವುದಿತ್ತು? ಸೌದೆಗೂ ಅನುಕೂಲ ಆಯ್ತು. ಹುಳ ಸೊಪ್ಪು ತಿಂದ ಮೇಲೆ ಉಳಿದ ಕಡ್ಡಿ, ವರ್ಷಕ್ಕೊಂದ್ಸಲ ಬುಡಕ್ಕೆ ಕತ್ತರಿಸಿದ ಕಡ್ಡಿ, ಒಣಗಿಸಿ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿದ್ರೆ ವರ್ಷದ ಅಡುಗೆ ಆಗ್ತಿತ್ತು. ಹಿಪ್ಪುನೇರಳೆ ಕಡ್ಡಿ ಒಣಗಿದ್ರೆ ಚೆನ್ನಾಗಿ ಉರಿಯತ್ತೆ. ಆಗಲೇ ಅವ್ವ ತಲೆಹೊರೆಗೆ ಹೋಗೋದು ನಿಲ್ಲಿಸಿದ್ದು. ಊರಲ್ಲಿ ಗೂಡು ಬೇಯಿಸಿ ನೂಲು ಬಿಚ್ಚೋ ರೀಲರ್‌ಗಳು ಮಾತ್ರ ಸೌದೆ ಕೊಳ್ತಿದ್ರು. ಅವರ ಬಾಣಲೆ ಬೆಳಗ್ಗೆಯಿಂದ ಸಂಜೆವರೆಗೂ ಕುದೀತಾನೇ ಇರಬೇಕು.

ಆದ್ರೆ ಕಡ್ಡಿ ಬಂದ ಜಾಗದಲ್ಲಿ ರಾಗಿ ಇತ್ತಲ್ಲ. ನಮ್ಮಪ್ಪ ಅರ್ಧ ಎಕರೆ ರಾಗಿಗೆ ಅಂತ ಬಿಟ್ಟಿದ್ದ. "ದುಡ್ಡು ತಿನ್ನಕ್ಕಾಯ್ತದಾ?" ಅನ್ನೋನು. ನಾನು ಕೇಳಲಿಲ್ಲ. ಆ ಅರ್ಧ ಎಕರೆಯ ಸೊಪ್ಪಿಗೆ ಇನ್ನೂ ಐವತ್ತು ಮೊಟ್ಟೆ ಮೇಯಿಸಬಹುದು, ಆ ಗೂಡಿನ ದುಡ್ಡಲ್ಲಿ ಮೂರು ವರ್ಷದ ರಾಗಿ ಬರತ್ತೆ ಅಂತ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಲೆಕ್ಕ ತಪ್ಪಿರಲಿಲ್ಲ. ಆ ವರ್ಷದ ರೇಟಿಗೆ ಸರಿಯಾಗೇ ಇತ್ತು. ಅಪ್ಪ ಒಂದು ಮಾತೂ ಆಡದೆ ಕೂರಿಗೆ ತೆಗೆದು ಅಟ್ಟದ ಮೇಲೆ ಇಟ್ಟ. ಅವರೆ ಹೋಯ್ತು, ತೊಗರಿ ಹೋಯ್ತು. ಕಡ್ಡಿಗೆ ಹೊಡೆದ ಔಷಧಿ ಹಿತ್ತಲ ಗಿಡಕ್ಕೆ, ಹಿತ್ತಲ ಗಿಡಕ್ಕೆ ಹೊಡೆದ ಔಷಧಿ ಸೊಪ್ಪಿಗೆ ತಾಗತ್ತೆ ಅಂತ ಹೀರೆ ಪಡವಲ ಹಾಕೋದೂ ಕಮ್ಮಿ ಆಯ್ತು.

ಎಂಬತ್ತರ ದಶಕದಲ್ಲಿ ಬಂದ ಇನ್ನು ಕೆಲವು ವಿಷಯ ಇಲ್ಲೇ ಹೇಳಿಬಿಡ್ತೀನಿ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು, ಬಂಗಾಳದ ಕಡೆಯಿಂದ ಗೂಡಿನ ಜೊತೆ ಬಂದಿದ್ದು. ಹುಳದ ಮನೆ ಕಿಟಕಿಗೆಲ್ಲಾ ಬಲೆ ಬಿತ್ತು. ರಾಗೀಲಿ ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳು ಊರೂರಿಗೆ ಬಂದಿದ್ವು. ರಾಗಿ ಇಳುವರಿ ಏರಿದ್ದು ಅವರಿಂದ. ನಾವು ಮಾತ್ರ ಅದೇ ಹೊತ್ತಲ್ಲಿ ರಾಗಿ ಬಿಡೋಕೆ ಹೊರಟಿದ್ವಿ. ಸಾಮಾಜಿಕ ಅರಣ್ಯ ಅಂತ ನೀಲಗಿರಿ ಬಂತು. ಊಟದ ಹೊಲದಲ್ಲಿ ನೀಲಗಿರಿ ಯಾಕೆ ಅಂತ 1983ರಲ್ಲಿ ತುಮಕೂರು ಕಡೆ ರೈತ ಸಂಘದವರು ಸಸಿ ಕಿತ್ತು ಹಾಕಿದ್ರು.

ಅದೇ 1983ರ ಕೊನೇಲಿ ಕೇಂದ್ರ ಸರ್ಕಾರದ ಹೊಗೆರಹಿತ ಒಲೆ ಕಾರ್ಯಕ್ರಮ ಶುರುವಾಯ್ತು. ನಮ್ಮ ರಾಜ್ಯದಲ್ಲಿ ಅದಕ್ಕೆ ಹೆಸರು ಮಾಡಿದ್ದು ಅಸ್ತ್ರ ಒಲೆ. ಮೇಲೆ ಹೇಳಿದ ಅದೇ ಅಸ್ತ್ರ ಕೇಂದ್ರದವರು ಮಾಡಿದ್ದು. ಸೌದೆ ಕೆಳಗೆ ಕಬ್ಬಿಣದ ಜಾಲರಿ, ಗಾಳಿ ಅಡಿಯಿಂದ ಬರತ್ತೆ, ಉರಿ ಒಂದರ ಹಿಂದೆ ಒಂದು ಮೂರು ಪಾತ್ರೆ ಕೆಳಗೆ ಹೋಗತ್ತೆ, ಹೊಗೆ ಕೊಳವೇಲಿ ಮಾಡಿನಾಚೆ ಹೋಗತ್ತೆ. ಪಾತ್ರೆ ಒಲೆ ಬಾಯಿಗೆ ಸರಿಯಾಗಿ ಕೂರಬೇಕು, ಸಂದಿ ಇರಬಾರದು. ಇಷ್ಟೇ ಗುಟ್ಟು. ನಮ್ಮನೇಲೂ ಒಂದು ಕಟ್ಟಿಸಿದ್ವಿ. ಕಟ್ಟಿದ ಗಾರೆಯವನು ಅಳತೆ ಸರಿಯಾಗಿ ಇಡಲಿಲ್ಲ, ನಮ್ಮ ಮುದ್ದೆ ಪಾತ್ರೆ ಕೂರಲಿಲ್ಲ. ಕೊಳವೆ ತಿಂಗಳಿಗೊಂದ್ಸಲ ಮಸಿ ತೆಗೀಬೇಕು ಅಂತ ಯಾರೂ ಹೇಳಲಿಲ್ಲ. ವರ್ಷದೊಳಗೆ ಮಸಿ ಕಟ್ಟಿ ಹೊಗೆ ವಾಪಸ್ ಒಳಗೇ ಬರೋಕೆ ಶುರುವಾಯ್ತು. ಅವ್ವ ಒಂದು ದಿನ ಸಿಟ್ಟಲ್ಲಿ ಒಡೆದು ಹಾಕಿ ಹಳೇ ಒಲೆ ಹಾಕ್ಕೊಂಡ್ಳು. ಒಲೆ ತಪ್ಪಲ್ಲ ಅದು. ಒಂದು ಕೋಲಿಗೆ ಗೋಣಿ ಸುತ್ತಿ ಕೊಳವೆಗೆ ಹಾಕಿ ಎಳೆದಿದ್ರೆ ಆಗೋ ಕೆಲಸ. ನಾನು ಹುಳದ ಮನೆ ಬಲೆಗೆ ಒಂದು ತೂತು ಬಿದ್ರೂ ಅವತ್ತೇ ಹೊಲೀತಿದ್ದೆ. ಅವ್ವನ ಕೊಳವೆ ನೋಡಲಿಲ್ಲ.

ಆಮೇಲೆ ಬಿತ್ತು ರೇಟು. 2001ರಲ್ಲಿ ಹೊರದೇಶದ ಮಾಲಿಗೆ ಬಾಗಿಲು ಅಗಲ ಆದಮೇಲೆ ಚೀನಾದ ಅಗ್ಗದ ರೇಷ್ಮೆ ತುಂಬಿತು. ಸರ್ಕಾರ ಅದಕ್ಕೆ ಸುರಿತಡೆ ಸುಂಕ ಹಾಕಿದ್ದು 2003ರಲ್ಲಿ. ಅಷ್ಟೊತ್ತಿಗೆ ಮಳೆ ಇಲ್ಲ, ಬೋರು ಬತ್ತಿತ್ತು. ನಮ್ಮ ಸುತ್ತಮುತ್ತ ಎಷ್ಟು ಜನ ಕಡ್ಡಿ ಕಿತ್ತರು ಅಂತ ನಿಮಗೆ ನಾನು ಹೇಳಬೇಕಿಲ್ಲ, ನೀವೇ ಕಿತ್ತಿರ್ತೀರ.

ಆಗ ಮೊದಲ ಸಲ ಆಗಿದ್ದು ಅಂದ್ಕೊಂಡಿದ್ದೆ. ಆಮೇಲೆ ಹಳೇದು ಓದಿದಾಗ ಗೊತ್ತಾಯ್ತು, 1930ರ ದಶಕದಲ್ಲೂ ಇದೇ ಆಗಿತ್ತು. ಜಪಾನ್, ಚೀನಾ ರೇಷ್ಮೆ ಬಂದು ಮೈಸೂರು, ಕೊಳ್ಳೇಗಾಲದ ಗೂಡು ಕೇಳೋರಿರಲಿಲ್ಲ. ಸರ್ಕಾರ ವಿಚಾರಣೆ ಮಾಡಿ ಸುಂಕ ಹಾಕ್ತು. ಅವಾಗಲೂ ತಡವಾಗಿತ್ತು. ಅಷ್ಟರಲ್ಲಿ ಎರಡನೇ ಯುದ್ಧ ಬಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾಯ್ತು, ಬೆಲೆ ಆಕಾಶಕ್ಕೆ ಹೋಯ್ತು. ಅದೇ ಯುದ್ಧದಲ್ಲಿ ಪೆಟ್ರೋಲ್ ಇಲ್ಲದೆ ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಕೊಂಡು ಇದ್ದಿಲ ಗ್ಯಾಸಲ್ಲಿ ಓಡಿದ್ವು. ಧಾನ್ಯಕ್ಕೆ ರೇಷನ್ ಬಂತು, ಹೆಚ್ಚು ಆಹಾರ ಬೆಳೆಯಿರಿ ಅಂತ ಸರ್ಕಾರ ಸಾರಿತು. ಗೂಡಿನ ದುಡ್ಡು ಕೈತುಂಬ ಇದ್ದೋರೂ ರಾಗಿಗೆ ಅಲೆದರು ಅಂತ ತಾತ ಹೇಳ್ತಿದ್ದ. ನಮ್ಮಪ್ಪ ಅರ್ಧ ಎಕರೆ ಹಿಡ್ಕೊಂಡು ಕೂತಿದ್ದು ಹಟಕ್ಕಲ್ಲ. ಅವನಿಗೆ ಅವನಪ್ಪ ಹೇಳಿದ್ದ. ನನಗೆ ಅವನು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಕಡ್ಡಿ ಕಿತ್ತ ವರ್ಷ ಏನಾಯ್ತು ಅಂದ್ರೆ, ಒಂದೇ ಹೊಡೆತಕ್ಕೆ ಮೂರು ಹೋದವು. ನಗದು ಹೋಯ್ತು. ರಾಗಿ ಮೊದಲೇ ಇರಲಿಲ್ಲ. ಒಲೆಗೆ ಹಾಕ್ತಿದ್ದ ಕಡ್ಡಿನೂ ಹೋಯ್ತು. ಕಿತ್ತ ಬೊಡ್ಡೆ ಒಂದು ವರ್ಷ ಉರೀತು. ಮರುವರ್ಷ ಒಂದೇ ಸಂತೇಲಿ ರಾಗಿನೂ ಕೊಂಡೆ, ಸೌದೆನೂ ಕೊಂಡೆ. ಸೌದೆ ಕೊಂಡು ಗಾಡೀಲಿ ತಂದಾಗ ಅಪ್ಪ ಜಗಲಿ ಮೇಲಿಂದ ಎದ್ದು ಒಳಗೆ ಹೋದ. ನಮ್ಮ ಮನೆತನದಲ್ಲಿ ಸೌದೆ ದುಡ್ಡು ಕೊಟ್ಟು ತಂದಿದ್ದು ಅದೇ ಮೊದಲು.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಅವ್ವನಿಗೆ ಕೆಮ್ಮು ಹೆಚ್ಚಾಯ್ತು. ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ. ಮೈಸೂರಿಗೆ ಕರ್ಕೊಂಡು ಹೋದೆ. ಡಾಕ್ಟರು ಊದಿಸಿ ನೋಡಿ, "ಎಷ್ಟು ವರ್ಷದಿಂದ ಬೀಡಿ ಸೇದ್ತೀರಾ ಅಜ್ಜಿ?" ಅಂದ್ರು. ಅವ್ವ ಎಲೆಅಡಿಕೆ ಬಿಟ್ಟು ಏನೂ ಮುಟ್ಟಿದವಳಲ್ಲ. "ಬೀಡಿ ಇಲ್ಲ ಬುದ್ಧಿ, ಒಲೆ" ಅಂದ್ಳು. ಡಾಕ್ಟರು ತಲೆಯಾಡಿಸಿ ಬರ್ಕೊಂಡ್ರು. ಗ್ಯಾಸ್ ತಂದಿದ್ದು ಆಮೇಲೆ. 2016ರಲ್ಲಿ ಉಜ್ವಲ ಬಂದ ಮೇಲೆ ಊರಲ್ಲಿ ಬಹಳ ಮನೆಗೆ ಸಿಲಿಂಡರ್ ಬಂತು. ಒಳ್ಳೇದಾಯ್ತು. 2022ರಲ್ಲಿ ಒಂದು ಸಿಲಿಂಡರ್ ಸಾವಿರ ರೂಪಾಯಿ ದಾಟಿದಾಗ ಅದೇ ಮನೆಗಳಲ್ಲಿ ಮತ್ತೆ ಒಲೆ ಹಚ್ಚಿದ್ದೂ ನೋಡಿದ್ದೀನಿ.

ಅದಕ್ಕೇ ಸೌದೆ ಒಲೆ ಬಂಗಾರ ಅಂತ ನಾನು ಹೇಳಲ್ಲ. ಹಳೇದೆಲ್ಲಾ ಚೆನ್ನಾಗಿತ್ತು ಅನ್ನೋ ಗಂಡಸರು ಒಂದು ವಾರ ಹಸಿ ಪುಳ್ಳೇಲಿ ಮುದ್ದೆ ಬೇಯಿಸಲಿ, ಆಮೇಲೆ ಮಾತಾಡೋಣ.

ಈಗ ನಾನು ಏನು ಮಾಡ್ತಿದ್ದೀನಿ ಅಂತ ಹೇಳಿ ಮುಗಿಸ್ತೀನಿ. ಹೊಂಡರಬಾಳಿನ ಅಮೃತಭೂಮಿಗೆ ಒಂದ್ಸಲ ಹೋಗಿದ್ದೆ, ಪ್ರೊಫೆಸರ್ ನಂಜುಂಡಸ್ವಾಮಿಯವರು ಶುರು ಮಾಡಿದ ಜಾಗ. ಅಲ್ಲಿ ಬೆರಕೆ ಬೆಳೆ ನೋಡಿ ಅಪ್ಪನ ಹೊಲ ಜ್ಞಾಪಕ ಬಂತು. ವಾಪಸ್ ಬಂದು 30 ಗುಂಟೆ ರಾಗಿಗೆ ಬಿಟ್ಟೆ. ಮನೇಲಿ ಐದು ಜನ. ಒಬ್ಬರಿಗೆ ದಿನಕ್ಕೆ 250 ಗ್ರಾಂ ಹಿಡಿದ್ರೆ ವರ್ಷಕ್ಕೆ ನಾಲ್ಕೂವರೆ ಕ್ವಿಂಟಾಲ್ ಬೇಕು. ಮಳೆ ಚೆನ್ನಾಗಾದ ವರ್ಷ 30 ಗುಂಟೇಲಿ ಆರು ಕ್ವಿಂಟಾಲ್ ಬಂದಿದೆ. ಕೆಟ್ಟ ವರ್ಷ ಮೂರಕ್ಕೆ ಇಳಿದಿದೆ. ಒಳ್ಳೇ ವರ್ಷದ್ದು ಮಾರದೆ ಇಟ್ರೆ ಕೆಟ್ಟ ವರ್ಷ ದಾಟತ್ತೆ. ಹಗೇವು ಇಲ್ಲ, ಡ್ರಮ್ಮಲ್ಲಿ ಇಡ್ತೀನಿ. ಅವರೆ, ತೊಗರಿ ಸಾಲು ಅದರಲ್ಲೇ. ಹಿತ್ತಲಲ್ಲಿ ನುಗ್ಗೆ, ಕರಿಬೇವು, ಹೀರೆ, ಕುಂಬಳ, ಸೊಪ್ಪು. ಅದರ ಉಸ್ತುವಾರಿ ಹೆಂಡತಿ ಮತ್ತೆ ಸೊಸೇದು, ನನ್ನನ್ನ ಒಳಗೆ ಬಿಡಲ್ಲ.

ಅಡುಗೆ ಗ್ಯಾಸಲ್ಲಿ. ಸ್ನಾನದ ನೀರಿಗೆ, ದನದ ಹುರುಳಿ ಬೇಯಿಸೋಕೆ ಮಾತ್ರ ಸೌದೆ. ಬಚ್ಚಲ ಒಲೆಯನ್ನ ಮನೆಯಿಂದಾಚೆ ಹಾಕಿಸಿ, ಜಾಲರಿ ಇಟ್ಟು, ಹಂಡೆ ಸುತ್ತ ಮಣ್ಣು ಮೆತ್ತಿ ಸಂದಿ ಮುಚ್ಚಿ, ಕೊಳವೆ ಎತ್ತರಕ್ಕೆ ಹಾಕಿದ್ದೀನಿ. ಅಮಾವಾಸ್ಯೆಗೊಂದ್ಸಲ ಮಸಿ ತೆಗೆಯೋದು ನನ್ನ ಕೆಲಸ, ಬೇರೆ ಯಾರಿಗೂ ಹೇಳಲ್ಲ. ಒಂದು ತಿಂಗಳು ತೂಗಿ ನೋಡಿದೆ, ಹಳೇ ಒಲೆಗೆ ದಿನಕ್ಕೆ ಆರೇಳು ಕೆ.ಜಿ. ಹೋಗ್ತಿದ್ದ ಕಡೆ ಈಗ ನಾಲ್ಕರಲ್ಲಿ ಮುಗಿಯತ್ತೆ. ವರ್ಷಕ್ಕೆ ಒಂದೂವರೆ ಟನ್ ಆಯ್ತು. ಮೂವತ್ತು ತೆಂಗಿನ ಗರಿ, ಮಟ್ಟೆ, ಕರಟದಲ್ಲೇ ಅರ್ಧಕ್ಕಿಂತ ಹೆಚ್ಚು ಬರತ್ತೆ. ಮಿಕ್ಕಿದ್ದು ತೊಗರಿ ಕಡ್ಡಿ, ಬದುವಿನ ಹೊಂಗೆ, ಗ್ಲಿರಿಸಿಡಿಯಾ. ಗ್ಲಿರಿಸಿಡಿಯಾ ಸೊಪ್ಪು ಹೊಲಕ್ಕೆ, ಕಡ್ಡಿ ಒಲೆಗೆ. ಸೌದೆ ಒಂದು ಬೇಸಿಗೆ ಪೂರ್ತಿ ಒಣಗಿಸದೆ ಒಲೆಗೆ ಹಾಕಬೇಡಿ. ಹಸೀದು ಹಾಕಿದ್ರೆ ಉರೀಲಿ ಒಂದು ಪಾಲು ಅದರ ನೀರು ಒಣಗಿಸೋಕೇ ಹೋಗತ್ತೆ, ಹೊಗೆನೂ ಹೆಚ್ಚು.

ಮಗ ಶೆಡ್ ಕಟ್ಟಲಿ, ನಾನು ಬೇಡ ಅನ್ನಲ್ಲ. ಈಗ ಚಾಕಿ ಹುಳ ಕೊಂಡು ತರಬಹುದು, ಚಳಿಗೆ ಕರೆಂಟ್ ಹೀಟರ್ ಇದೆ, ಕೆಂಡದ ಬಾಂಡ್ಲಿ ಬೇಕಿಲ್ಲ. ಒಂದೂಕಾಲು ಎಕರೆ ಕಡ್ಡಿ ಹಾಕ್ಕೊಳ್ಳಲಿ, ಕಡ್ಡಿ ಸೌದೆನೂ ಮನೆಗೆ ಬರತ್ತೆ. 30 ಗುಂಟೆ ಮಾತ್ರ ಮುಟ್ಟಬೇಡ ಅಂದಿದ್ದೀನಿ. ಅವನು ಮೊಬೈಲಲ್ಲಿ ಲೆಕ್ಕ ಹಾಕಿ ತೋರಿಸಿದ, ಆ 30 ಗುಂಟೇಲಿ ಎಷ್ಟು ಗೂಡು, ಎಷ್ಟು ದುಡ್ಡು, ಆ ದುಡ್ಡಿಗೆ ಎಷ್ಟು ವರ್ಷದ ರಾಗಿ ಅಂತ. ಲೆಕ್ಕ ಸರಿಯಾಗಿದೆ. ನಂದೂ ಸರಿಯಾಗಿತ್ತು. ನಮ್ಮಪ್ಪನ ಥರ ಸುಮ್ಮನೆ ಕೂರಿಗೆ ಎತ್ತಿಡೋ ಬದಲು ಎಲ್ಲಾ ಬಿಡಿಸಿ ಹೇಳೋಣ ಅಂತ ಇದನ್ನ ಬರೆದೆ. ಓದಿದ. "ನೋಡಮು ಬುಡಪ್ಪ" ಅಂದ. ಇನ್ನೂ ಪೂರ್ತಿ ಒಪ್ಪಿಲ್ಲ. ಮಳೆ ಹಿಡಿಯೋದರೊಳಗೆ ಒಪ್ಪಬೇಕು, ಆಷಾಢದಲ್ಲಿ ಬಿತ್ತನೆ.

ಆ ಕಪ್ಪು ಮಚ್ಚೆ ಇದ್ದ ನೆಲ ಮಾತ್ರ ಅಗೆಸಿ ತೆಗೆದೆ. ಬೆಂದ ಮಣ್ಣು ಒಂದು ಮಂಕರಿ ಬಂತು. ಹೀರೆ ಪಾತಿಗೆ ಹಾಕ್ತೀನಿ ಅಂತ ಅವ್ವನೇ ತಗೊಂಡು ಹೋದ್ಳು, ನಡುವೆ ಎರಡು ಸಲ ನಿಂತು ಉಸಿರು ತಗೊಂಡು.

ನಿಮ್ಮ ಮನೇಲಿ ರಾಗಿ ಎಷ್ಟು ಗುಂಟೆ ಉಳಿದಿದೆ, ಒಲೆ ಹೆಂಗಿದೆ? ಕೊಳವೆ ಇದ್ರೆ ಇವತ್ತು ಒಂದ್ಸಲ ಮಸಿ ನೋಡಿ.